ಅಮೆರಿಕದಲ್ಲಿ ಬಾಡಿಗೆ ಹೊರೆ, ತಾರತಮ್ಯ, ಎವಿಕ್ಷನ್: ನಿಮ್ಮ ಊರಿನಲ್ಲೇ ಸಹಾಯ ಹುಡುಕುವ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಮನೆಯ ತೊಂದರೆಗಳಿಗೆಲ್ಲ ಸೇರಿ ಒಂದೇ ಕಚೇರಿ ಅಂತ ಇಲ್ಲ. ಬಾಡಿಗೆಗೆ ಸರ್ಕಾರಿ ನೆರವಾದ ವೋಚರ್ ಕೊಡುವ ಕಚೇರಿಯವರು ತಾರತಮ್ಯದ ದೂರು ವಿಚಾರಿಸುವುದಿಲ್ಲ. ದೂರು ವಿಚಾರಿಸುವವರು ಬಾಡಿಗೆಗೆ ದುಡ್ಡು ಕೊಡುವುದಿಲ್ಲ. ಕೋರ್ಟಿನಲ್ಲಿ ನಿಮ್ಮ ಪರ ನಿಲ್ಲುವ ವಕೀಲರಿಗೆ ಯಾವ ಕಟ್ಟಡದಲ್ಲಿ ಕಡಿಮೆ ಬಾಡಿಗೆಯ ಮನೆ ಖಾಲಿ ಇದೆ ಎಂದು ಗೊತ್ತಿರುವುದಿಲ್ಲ. ತಪ್ಪು ಕಡೆ ಕೇಳಿದರೆ ಇನ್ನೊಂದು ಫೋನ್ ನಂಬರ್ ಸಿಗುತ್ತದೆ, ಅಲ್ಲಿ ಕೇಳಿದರೆ ಮತ್ತೊಂದು. ಈ ಅಲೆದಾಟದಲ್ಲೇ ಗಡುವು ಮುಗಿದುಹೋಗುತ್ತದೆ.

ಇಲ್ಲಿರುವ ನಮ್ಮವರಲ್ಲಿ ಎರಡು ಮಾತು ಆಗಾಗ ಕೇಳಿಬರುತ್ತವೆ. 'ವೀಸಾದಲ್ಲಿ ಇರುವವರಿಗೆ ಯಾವ ಹಕ್ಕೂ ಇಲ್ಲ' ಎನ್ನುವುದು ಒಂದು. 'ಇದೆಲ್ಲ ತೀರಾ ಬಡವರಿಗೆ, ನಮಗಲ್ಲ' ಎನ್ನುವುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ. ಎಲ್ಲಿ ನಿಜ, ಎಲ್ಲಿ ಸುಳ್ಳು ಎನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ತೊಂದರೆ ಯಾವ ಜಾತಿಯದು ಎಂದು ಗುರುತಿಸಿ

ಮನೆಯ ತೊಂದರೆಗಳು ಹೆಚ್ಚುಕಡಿಮೆ ಮೂರು ಗುಂಪಿಗೆ ಬರುತ್ತವೆ.

ಬಾಡಿಗೆ ಕೈಗೆಟುಕುತ್ತಿಲ್ಲ ಅಂದರೆ ನೀವು ಹೋಗಬೇಕಾದ್ದು ಹೌಸಿಂಗ್ ಅಥಾರಿಟಿ (ಊರಿನ ಸರ್ಕಾರಿ ವಸತಿ ಕಚೇರಿ), ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟ್‌ಗಳ ಲೀಸಿಂಗ್ ಆಫೀಸ್ ಮತ್ತು ಊರಿನ ನೆರವು ಸಂಸ್ಥೆಗಳ ಕಡೆಗೆ. ನಿಮ್ಮ ಬಣ್ಣ, ದೇಶ, ಧರ್ಮ, ಮಕ್ಕಳು, ಅಂಗವೈಕಲ್ಯ ಇಂಥ ಕಾರಣಕ್ಕೆ ಮನೆ ಕೊಡಲಿಲ್ಲ ಅಥವಾ ಬೇರೆ ರೀತಿ ನಡೆಸಿಕೊಂಡರು ಅಂದರೆ ಅದು ಫೇರ್ ಹೌಸಿಂಗ್ ವಿಷಯ. ಅದಕ್ಕೆ ಬೇರೆಯೇ ಸಂಸ್ಥೆಗಳಿವೆ. ಮನೆ ಬಿಡಿ ಎಂದು ನೋಟಿಸ್ ಬಂದಿದೆ, ರಿಪೇರಿ ಮಾಡಿಸುತ್ತಿಲ್ಲ, ಡಿಪಾಸಿಟ್ ಹಿಡಿದುಕೊಂಡಿದ್ದಾರೆ ಎನ್ನುವುದು ಬಾಡಿಗೆದಾರರ ಕಾನೂನಿನ ವಿಷಯ. ಅಲ್ಲಿ ಬೇಕಾದವರು ಉಚಿತ ಕಾನೂನು ನೆರವು ಕೊಡುವ ಲೀಗಲ್ ಏಡ್ ವಕೀಲರು.

ಎರಡು ಮೂರು ತೊಂದರೆ ಒಟ್ಟಿಗೇ ಬಂದಿದ್ದರೆ ಯಾವುದರ ಗಡುವು ಹತ್ತಿರವಿದೆಯೋ ಅದನ್ನು ಮೊದಲು ಹಿಡಿಯಿರಿ. ಕೋರ್ಟಿನ ಕಾಗದ ಬಂದಿದ್ದರೆ ಉಳಿದದ್ದೆಲ್ಲ ಬದಿಗಿರಲಿ. ಈ ಲೇಖನದಲ್ಲೂ ನೇರವಾಗಿ ಎವಿಕ್ಷನ್ (ಮನೆಯಿಂದ ಹೊರಹಾಕುವುದು) ಭಾಗಕ್ಕೆ ಹೋಗಿ.

ಎರಡನೇ ಹೆಜ್ಜೆ: ಅದೇ ದಿನ ಒಂದು ಫೋಲ್ಡರ್ ಮಾಡಿ

ಲೀಸ್‌ನ ಪ್ರತಿ, ಬಾಡಿಗೆ ಕಟ್ಟಿದ ದಾಖಲೆ, ಇಮೇಲ್, ಮೆಸೇಜ್, ಜಾಹೀರಾತಿನ ಸ್ಕ್ರೀನ್‌ಶಾಟ್ ಎಲ್ಲ ಒಂದು ಕಡೆ ಇಡಿ. ಜಾಹೀರಾತನ್ನು ಇವತ್ತೇ ಉಳಿಸಿಕೊಳ್ಳಿ, ನಾಳೆ ಅದು ಇರುವುದಿಲ್ಲ. ಫೋನಿನಲ್ಲಿ ಮಾತಾಡಿದ್ದರೆ ದಿನಾಂಕ, ಸಮಯ, ಎದುರಿಗಿದ್ದವರ ಹೆಸರು, ಆಡಿದ ಮಾತು ಬರೆದಿಡಿ. ಆಮೇಲೆ ಅವರಿಗೇ ಒಂದು ಸಣ್ಣ ಇಮೇಲ್ ಹಾಕಿ: 'ಇವತ್ತು ಫೋನಿನಲ್ಲಿ ನೀವು ಹೀಗೆ ಹೇಳಿದಿರಿ, ನಾನು ಸರಿಯಾಗಿ ಕೇಳಿಸಿಕೊಂಡೆನಾ?' ಉತ್ತರ ಬಂದರೆ ಒಳ್ಳೆಯದು, ಬರದಿದ್ದರೂ ನಷ್ಟವಿಲ್ಲ. ಆ ದಿನವೇ ಬರೆದದ್ದಕ್ಕೆ ಮುಂದೆ ಬೆಲೆ ಇರುತ್ತದೆ.

ಫೋನ್ ಮಾತು ರೆಕಾರ್ಡ್ ಮಾಡುವ ಮುಂಚೆ ಯೋಚಿಸಿ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಎದುರಿನವರ ಒಪ್ಪಿಗೆ ಇಲ್ಲದೆ ಖಾಸಗಿ ಮಾತು ರೆಕಾರ್ಡ್ ಮಾಡುವುದು ಅಪರಾಧ.

ಮೂರನೇ ಹೆಜ್ಜೆ: ಎರಡು ಫೋನ್ ಕರೆ

ಮೊದಲನೆಯದು 211. ಇದು 1997ರಲ್ಲಿ ಅಟ್ಲಾಂಟಾದಲ್ಲಿ ಶುರುವಾಗಿ ಆಮೇಲೆ ದೇಶದ ಬಹುಪಾಲು ಕಡೆ ಹರಡಿದ ಸಹಾಯವಾಣಿ. ಫೋನ್ ಎತ್ತುವವರು ತಾವೇ ದುಡ್ಡು ಕೊಡುವುದಿಲ್ಲ. ನಿಮ್ಮ ಜಿಪ್ ಕೋಡ್ ಕೇಳಿ, ಆ ಭಾಗದಲ್ಲಿ ಬಾಡಿಗೆ ನೆರವು ಕೊಡುವವರು ಯಾರು, ತಂಗುದಾಣ ಎಲ್ಲಿದೆ ಎಂದು ಹೇಳುತ್ತಾರೆ. 'ಹೌಸಿಂಗ್ ಹೆಲ್ಪ್ ಬೇಕು' ಎಂದಷ್ಟೇ ಹೇಳಿದರೆ ಉದ್ದದ ಪಟ್ಟಿ ಸಿಗುತ್ತದೆ. 'ಈ ತಿಂಗಳ ಬಾಡಿಗೆಗೆ ಇಷ್ಟು ಡಾಲರ್ ಕಮ್ಮಿ ಇದೆ, ಈ ತಾರೀಕಿನೊಳಗೆ ಕಟ್ಟಬೇಕು, ಈಗ ಯಾರ ಹತ್ತಿರ ದುಡ್ಡಿದೆ?' ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಸಾಲ್ವೇಶನ್ ಆರ್ಮಿ, ಕ್ಯಾಥೊಲಿಕ್ ಚಾರಿಟೀಸ್, ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಇವುಗಳ ಹೆಸರು ಹೇಳಿದರೆ ಹಿಂಜರಿಯಬೇಡಿ. ನೀವು ಯಾವ ಧರ್ಮದವರಾದರೂ ಅವರು ಸಹಾಯ ಮಾಡುತ್ತಾರೆ. ಒಂದು ಎಚ್ಚರಿಕೆ: ಕೋವಿಡ್ ಕಾಲದ ದೊಡ್ಡ ಬಾಡಿಗೆ ನೆರವಿನ ಬಗ್ಗೆ ಹುಡುಕಾಟದಲ್ಲಿ ಇನ್ನೂ ಬೇಕಾದಷ್ಟು ಪುಟ ಸಿಗುತ್ತವೆ. ಆ ಫೆಡರಲ್ ಹಣ ಮುಗಿದ ಕಥೆ.

ಎರಡನೆಯದು ಹೌಸಿಂಗ್ ಕೌನ್ಸೆಲರ್. ಫೆಡರಲ್ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯನ್ನು ಎಲ್ಲರೂ 'ಹಡ್' ಎನ್ನುತ್ತಾರೆ. ಹಡ್ ಮಾನ್ಯತೆ ಪಡೆದ ಕೌನ್ಸೆಲಿಂಗ್ ಸಂಸ್ಥೆಗಳು ಎಲ್ಲ ರಾಜ್ಯಗಳಲ್ಲೂ ಇವೆ. 800-569-4287ಕ್ಕೆ ಕರೆ ಮಾಡಿದರೆ ಹತ್ತಿರದ ಸಂಸ್ಥೆ ತಿಳಿಯುತ್ತದೆ. ನಿಮ್ಮ ಖರ್ಚುವೆಚ್ಚ ನೋಡಿ, ಯಾವ ಅರ್ಜಿಗೆ ನೀವು ಅರ್ಹರು ಎಂದು ಇವರು ಹೇಳಬಲ್ಲರು. ಬಾಡಿಗೆ ಬಾಕಿ, ಮನೆ ಸಾಲದ ಕಂತು ತಪ್ಪಿದ್ದು, ಮೊದಲ ಮನೆ ಕೊಳ್ಳುವುದು ಎಲ್ಲ ಇವರ ಕೆಲಸವೇ. ಮನೆ ಸಾಲ ಕಟ್ಟಲಾಗದೆ ಮನೆ ಹರಾಜಿಗೆ ಬಂದಿದ್ದರೆ ಕೌನ್ಸೆಲಿಂಗ್ ಉಚಿತ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿದ್ದರೆ 'ಛಾಯಾ' ಎಂಬ ಸಂಸ್ಥೆ ನೋಡಿ. 2000ದಲ್ಲಿ ಶುರುವಾದ ಇದು ದಕ್ಷಿಣ ಏಷ್ಯಾದವರ ವಸತಿ ವಿಷಯಕ್ಕೇ ಕೆಲಸ ಮಾಡುತ್ತದೆ.

ನಿಮ್ಮ ಊರಿನ ಕನ್ನಡ ಕೂಟವೂ ಉಪಯೋಗಕ್ಕೆ ಬರುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ. ಎರಡು ವಾರ ಉಳಿದುಕೊಳ್ಳಲು ರೂಮ್, ಲೀಸ್ ವಹಿಸಿಕೊಳ್ಳುವ ಇನ್ನೊಂದು ಕುಟುಂಬ, ಟ್ರಕ್ ಓಡಿಸಲು ಒಬ್ಬ ಗೆಳೆಯ ಇವೆಲ್ಲ ಕೂಟದಲ್ಲಿ ಬೇಗ ಸಿಗುತ್ತವೆ. ಕಾನೂನಿನ ಸಲಹೆಯನ್ನು ಮಾತ್ರ ವಾಟ್ಸ್ಆಪ್ ಗುಂಪಿನಲ್ಲಿ ಕೇಳಬೇಡಿ. ಟೆಕ್ಸಸ್‌ನಲ್ಲಿ ನಡೆದದ್ದನ್ನು ನಂಬಿ ನ್ಯೂಜೆರ್ಸಿಯಲ್ಲಿ ಹೆಜ್ಜೆ ಇಟ್ಟರೆ ಕೆಡುವುದೇ ಜಾಸ್ತಿ.

ನಾಲ್ಕನೇ ಹೆಜ್ಜೆ: ಕಡಿಮೆ ಬಾಡಿಗೆಯ ಮನೆಗೆ ಎಲ್ಲೆಲ್ಲಿ ಅರ್ಜಿ ಹಾಕುವುದು

ಎಲ್ಲ ಯೋಜನೆಗಳೂ ಒಂದೇ ಅಳತೆಗೋಲು ಹಿಡಿಯುತ್ತವೆ: ನಿಮ್ಮ ಪ್ರದೇಶದ ಮಧ್ಯಮ ಆದಾಯ, ಅಂದರೆ ಅರ್ಧ ಕುಟುಂಬಗಳ ಆದಾಯ ಯಾವುದಕ್ಕಿಂತ ಮೇಲೆ, ಅರ್ಧದ್ದು ಯಾವುದಕ್ಕಿಂತ ಕೆಳಗೆ ಇದೆಯೋ ಆ ಅಂಕಿ. ಅದರ ಶೇ 80ಕ್ಕಿಂತ ಕಡಿಮೆ ಇದ್ದರೆ ನೀವು ಕಡಿಮೆ ಆದಾಯದವರು, ಶೇ 50ಕ್ಕಿಂತ ಕಡಿಮೆ ಇದ್ದರೆ ಬಹಳ ಕಡಿಮೆ, ಶೇ 30ರ ಆಸುಪಾಸಿಗಿಂತ ಕೆಳಗಿದ್ದರೆ ತೀರಾ ಕಡಿಮೆ. ಹಡ್ ಪ್ರತಿ ವರ್ಷ ಕೌಂಟಿವಾರು, ಕುಟುಂಬದ ತಲೆ ಲೆಕ್ಕದ ಪ್ರಕಾರ ಈ ಅಂಕಿ ಪ್ರಕಟಿಸುತ್ತದೆ. ನಿಮ್ಮ ಕೌಂಟಿಯದನ್ನು ನೋಡದೆ 'ನಾವು ಅರ್ಹರಲ್ಲ' ಎಂದು ಕೈಬಿಡಬೇಡಿ. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವರ್ಷಕ್ಕೆ 1,17,400 ಡಾಲರ್ ಗಳಿಸುವ ನಾಲ್ಕು ಜನರ ಕುಟುಂಬವೂ 'ಕಡಿಮೆ ಆದಾಯ'ದ ಗುಂಪಿನಲ್ಲೇ ಇತ್ತು!

ವೋಚರ್ ಎಲ್ಲರ ಬಾಯಲ್ಲಿರುವ ಹೆಸರು. 1974ರ ಕಾನೂನಿನಿಂದ ಬಂದ 'ಸೆಕ್ಷನ್ 8' ಇದೇ. ಊರಿನ ಹೌಸಿಂಗ್ ಅಥಾರಿಟಿ ಇದನ್ನು ಕೊಡುತ್ತದೆ. ದೇಶದಲ್ಲಿ ಹೌಸಿಂಗ್ ಅಥಾರಿಟಿಗಳು ಒಟ್ಟು ಸುಮಾರು 3,300 ಇವೆ. ವೋಚರ್ ಸಿಕ್ಕವರು ಖಾಸಗಿ ಮಾಲೀಕರ ಮನೆಯನ್ನೇ ಹಿಡಿಯಬಹುದು. ತಮ್ಮ ಆದಾಯದ ಸುಮಾರು ಶೇ 30ರಷ್ಟು ಅವರು ಕಟ್ಟುತ್ತಾರೆ, ಒಂದು ಮಿತಿಯವರೆಗೆ ಉಳಿದದ್ದನ್ನು ಅಥಾರಿಟಿ ಕಟ್ಟುತ್ತದೆ. ಲೆಕ್ಕಕ್ಕೆ ಹಿಡಿಯುವ ಆದಾಯ ತಿಂಗಳಿಗೆ 2,400 ಡಾಲರ್ ಇದ್ದರೆ ನಿಮ್ಮ ಪಾಲು ಸುಮಾರು 720.

ತೊಂದರೆ ಇರುವುದು ಸರದಿಯಲ್ಲಿ. ಬಾಡಿಗೆ ನೆರವಿಗೆ ಅರ್ಹರಾದ ಪ್ರತಿ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಅದು ಸಿಗುತ್ತದೆ. ವೇಟಿಂಗ್ ಲಿಸ್ಟ್ ವರ್ಷಗಟ್ಟಲೆ ಮುಚ್ಚಿರುತ್ತದೆ. ತೆರೆದಾಗಲೂ ಕೆಲವೇ ದಿನ, ಮೇಲಿಂದ ಲಾಟರಿ. ಹಾಗಾಗಿ ಒಂದೇ ಊರಿನ ಪಟ್ಟಿ ನಂಬಿ ಕೂರಬೇಡಿ. ಪಕ್ಕದ ಊರು, ಪಕ್ಕದ ಕೌಂಟಿಯ ಪಟ್ಟಿಗಳಲ್ಲೂ ಹೆಸರು ಹಾಕಬಹುದು, ಅದಕ್ಕೆ ಅಡ್ಡಿಯಿಲ್ಲ. ಆಮೇಲೆ ಮುಖ್ಯವಾದ ಮಾತು: ವಿಳಾಸ, ಫೋನ್, ಇಮೇಲ್ ಬದಲಾದ ಕೂಡಲೇ ಪ್ರತಿ ಪಟ್ಟಿಗೂ ತಿಳಿಸಿ. 'ಇನ್ನೂ ಆಸಕ್ತಿ ಇದೆಯಾ?' ಎಂದು ಅವರು ಬರೆದ ಪತ್ರಕ್ಕೆ ಉತ್ತರ ಬರದಿದ್ದರೆ ಹೆಸರು ತೆಗೆದುಬಿಡುತ್ತಾರೆ. ಮೂರು ವರ್ಷ ಕಾದದ್ದು ಹಳೆ ವಿಳಾಸದ ಅಂಚೆ ಡಬ್ಬಿಯಲ್ಲಿ ಹೋಗಿಬಿಡುತ್ತದೆ.

ವೋಚರ್‌ಗಿಂತ ಬೇಗ ಕೈಗೆ ಸಿಗಬಹುದಾದದ್ದು ಟ್ಯಾಕ್ಸ್ ಕ್ರೆಡಿಟ್ ಅಪಾರ್ಟ್‌ಮೆಂಟ್. ಇದರ ಬಗ್ಗೆ ನಮ್ಮವರಿಗೆ ಗೊತ್ತಿರುವುದು ಕಮ್ಮಿ. 1986ರ ತೆರಿಗೆ ಕಾನೂನಿನಿಂದ ಶುರುವಾದ ವ್ಯವಸ್ಥೆ ಇದು. ಕಟ್ಟುವವರಿಗೆ ತೆರಿಗೆ ರಿಯಾಯಿತಿ, ಅದಕ್ಕೆ ಬದಲಾಗಿ ಕನಿಷ್ಠ 30 ವರ್ಷ ಮನೆಗಳನ್ನು ಮಿತಿ ಹಾಕಿದ ಬಾಡಿಗೆಗೆ ಕೊಡಬೇಕು. ಸಾಮಾನ್ಯವಾಗಿ ಮಧ್ಯಮ ಆದಾಯದ ಶೇ 60ರೊಳಗೆ ಇರುವವರಿಗೆ ಸಿಗುತ್ತದೆ. ಹೊರಗಿನಿಂದ ನೋಡಿದರೆ ಬೇರೆ ಅಪಾರ್ಟ್‌ಮೆಂಟಿಗೂ ಇದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಹೌಸಿಂಗ್ ಅಥಾರಿಟಿಗೆ ಹೋಗಬೇಕಿಲ್ಲ, ಆ ಕಟ್ಟಡದ ಲೀಸಿಂಗ್ ಆಫೀಸಿಗೇ ಅರ್ಜಿ. ನಿಮ್ಮ ರಾಜ್ಯದ ಹೌಸಿಂಗ್ ಫೈನಾನ್ಸ್ ಏಜೆನ್ಸಿಯ ವೆಬ್‌ಸೈಟಿನಲ್ಲಿ ಇಂಥ ಕಟ್ಟಡಗಳ ಪಟ್ಟಿ ಹುಡುಕಿ. ಒಂದು ಕೊಕ್ಕೆ ಇದೆ: ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಕೆಲವು ವಿನಾಯಿತಿ ಇವೆ, ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿ ಅದರಲ್ಲಿ ಒಂದು.

ದುಬಾರಿ ನಗರಗಳಲ್ಲಿ ಇನ್ನೊಂದು ದಾರಿ ಇದೆ. ಹೊಸ ಕಟ್ಟಡ ಕಟ್ಟುವವರು ಕೆಲವು ಮನೆಗಳನ್ನು ಮಾರುಕಟ್ಟೆಗಿಂತ ಕಡಿಮೆ ದರಕ್ಕೆ ಕೊಡಬೇಕು ಎಂದು ನಗರಸಭೆ ನಿಯಮ ಮಾಡಿರುತ್ತದೆ. ಕ್ಯಾಲಿಫೋರ್ನಿಯಾ ಬೇ ಏರಿಯಾದಲ್ಲಿ ಇದನ್ನು 'ಬಿಎಂಆರ್' ಎನ್ನುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ಹೌಸಿಂಗ್ ಕನೆಕ್ಟ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಾಲಿಯಾ, ಬಾಸ್ಟನ್‌ನಲ್ಲಿ ಮೆಟ್ರೋಲಿಸ್ಟ್ ಎಂಬ ನಗರದ್ದೇ ತಾಣಗಳಲ್ಲಿ ಇವುಗಳ ಲಾಟರಿಗೆ ಅರ್ಜಿ ಹಾಕಬಹುದು. ಇಲ್ಲಿ ಆದಾಯದ ಮಿತಿ ಎಷ್ಟೋ ಸಲ ವೋಚರ್‌ಗಿಂತ ಮೇಲಿರುತ್ತದೆ. ಮಧ್ಯಮ ಸಂಬಳದವರಿಗೂ ಅವಕಾಶ ಉಂಟು.

62 ದಾಟಿದ ಹಿರಿಯರಿಗೆ ಸೆಕ್ಷನ್ 202, ಅಂಗವೈಕಲ್ಯ ಇರುವವರಿಗೆ ಸೆಕ್ಷನ್ 811 ಅಂತ ಪ್ರತ್ಯೇಕ ಕಟ್ಟಡಗಳಿವೆ. ಹಳ್ಳಿ, ಸಣ್ಣ ಊರುಗಳಲ್ಲಿ ಕೃಷಿ ಇಲಾಖೆಯ ರೂರಲ್ ಡೆವಲಪ್‌ಮೆಂಟ್ ಕಚೇರಿ ಕೇಳಿ.

ವೀಸಾ ಪ್ರಶ್ನೆ

ಇದನ್ನು ಬಿಡಿಸಿ ಹೇಳಬೇಕು. 1980ರ ವಸತಿ ಕಾನೂನಿನ ಸೆಕ್ಷನ್ 214ರ ಪ್ರಕಾರ ವೋಚರ್, ಸರ್ಕಾರಿ ವಸತಿ ಇವು ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ, ನಿರಾಶ್ರಿತರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ. ಕೆಲಸಕ್ಕೆ, ಕುಟುಂಬದ ಜೊತೆಗೆ, ಓದಿಗೆ ಬಂದವರ ಎಚ್-1ಬಿ, ಎಚ್-4, ಎಲ್-1, ಎಫ್-1 ವೀಸಾದವರಿಗೆ ಸಿಗುವುದಿಲ್ಲ. ಮನೆಯಲ್ಲಿ ಕೆಲವರು ಅರ್ಹರು, ಕೆಲವರು ಅಲ್ಲ ಎಂದಾದರೆ ಅರ್ಹರ ಪಾಲಿನಷ್ಟೇ ನೆರವು ಕೊಡುವ ಪದ್ಧತಿ ಬೆಳೆದುಬಂದಿದೆ. ಇದನ್ನು ತೆಗೆಯಬೇಕು ಎಂಬ ಪ್ರಸ್ತಾವ 2019ರಲ್ಲಿ ಬಂದು 2021ರಲ್ಲಿ ವಾಪಸ್ ಹೋಗಿತ್ತು. ಇದು ಮತ್ತೆ ಮತ್ತೆ ಎದ್ದು ಬರುವ ವಿಷಯ. ಆದ್ದರಿಂದ ಅರ್ಜಿ ಹಾಕುವ ದಿನದ ನಿಯಮವನ್ನು ಅಥಾರಿಟಿಯಲ್ಲೇ ಕೇಳಿ.

ಟ್ಯಾಕ್ಸ್ ಕ್ರೆಡಿಟ್ ಅಪಾರ್ಟ್‌ಮೆಂಟಿಗೆ ಸೆಕ್ಷನ್ 214 ಅನ್ವಯಿಸುವುದಿಲ್ಲ. ಕಟ್ಟಡಕ್ಕೆ ಬೇರೆ ಫೆಡರಲ್ ಹಣವೂ ಬಂದಿದ್ದರೆ ಮಾತ್ರ ನಿಯಮ ಬೇರೆಯಾಗಬಹುದು. ಇನ್ನು ತಾರತಮ್ಯದ ವಿರುದ್ಧ ರಕ್ಷಣೆ ಕೊಡುವ ಫೇರ್ ಹೌಸಿಂಗ್ ಕಾನೂನು ದೇಶದಲ್ಲಿರುವ ಎಲ್ಲರಿಗೂ ಇದೆ, ವೀಸಾ ಯಾವುದೇ ಇರಲಿ.

ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿದ್ದರೆ ಸರ್ಕಾರಿ ನೆರವು ತೆಗೆದುಕೊಳ್ಳುವ ಮುಂಚೆ ವಲಸೆ ವಕೀಲರೊಬ್ಬರನ್ನು ಕೇಳಿ. ಯಾವ ನೆರವು ಪಡೆದರೆ ಅರ್ಜಿಗೆ ತೊಡಕು ಎನ್ನುವ ನಿಯಮ ಸರ್ಕಾರ ಬದಲಾದಂತೆ ಬದಲಾಗುತ್ತಾ ಬಂದಿದೆ.

ಐದನೇ ಹೆಜ್ಜೆ: ತಾರತಮ್ಯ ಆಗಿದೆ ಅನಿಸಿದರೆ

ಫೇರ್ ಹೌಸಿಂಗ್ ಕಾನೂನಿಗೆ ಸಹಿ ಬಿದ್ದದ್ದು 1968ರ ಏಪ್ರಿಲ್ 11ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಇವು ಮೊದಲಿನಿಂದ ಇದ್ದವು. 1974ರಲ್ಲಿ ಲಿಂಗ ಸೇರಿತು. 1988ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬ ಸೇರಿದವು. ರಾಜ್ಯ, ನಗರಗಳು ಇದಕ್ಕೆ ಇನ್ನಷ್ಟು ಸೇರಿಸಿವೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ರಾಜ್ಯಗಳಲ್ಲಿ 'ವೋಚರ್ ಇರುವವರಿಗೆ ಕೊಡುವುದಿಲ್ಲ' ಎನ್ನುವುದೂ ತಪ್ಪು. ಟೆಕ್ಸಸ್‌ನಲ್ಲಿ ಅಂಥ ರಕ್ಷಣೆ ಇಲ್ಲ.

ಮುಖಕ್ಕೆ ಹೊಡೆದಂತೆ 'ನಿಮಗೆ ಕೊಡುವುದಿಲ್ಲ' ಎಂದು ಈಗ ಯಾರೂ ಹೇಳುವುದಿಲ್ಲ. ನಗುತ್ತಲೇ ಸಾಗಹಾಕುತ್ತಾರೆ. ನಿಮ್ಮ ಹೆಸರು, ಉಚ್ಚಾರ ಕೇಳಿ 'ಈಗಷ್ಟೇ ಹೋಯಿತು' ಎನ್ನುವುದು, ಅರ್ಧ ಗಂಟೆಯಲ್ಲಿ ಬೇರೆಯವರಿಗೆ ಅದೇ ಮನೆ ತೋರಿಸುವುದು. ನಿಮಗೆ ಮಾತ್ರ ಜಾಸ್ತಿ ಡಿಪಾಸಿಟ್ ಕೇಳುವುದು. 'ಚಿಕ್ಕ ಮಕ್ಕಳಿದ್ದರೆ ನೆಲ ಅಂತಸ್ತು ಮಾತ್ರ' ಎನ್ನುವುದು. ಮನೆ ಕೊಳ್ಳಲು ಹೋದಾಗ ಏಜೆಂಟ್ 'ನಿಮ್ಮವರು ಜಾಸ್ತಿ ಇರುವ ಏರಿಯಾ'ಗೆ ಮಾತ್ರ ಕರೆದೊಯ್ಯುವುದು. ಇದಕ್ಕೆ 'ಸ್ಟೀರಿಂಗ್' ಎನ್ನುತ್ತಾರೆ, ಒಳ್ಳೆಯ ಮನಸ್ಸಿನಿಂದ ಮಾಡಿದರೂ ತಪ್ಪೇ. 'ನಿಮ್ಮ ಅಡುಗೆಯ ವಾಸನೆ' ಎಂಬ ಮಾತು ಬಂದರೆ ಅದನ್ನು ಹಾಗೇ ಬರೆದಿಡಿ, ಮೂಲ ದೇಶದ ಕಾರಣಕ್ಕೆ ನಿರಾಕರಿಸಿದರು ಎನ್ನಲು ಅದೊಂದು ಸುಳಿವು.

ಇನ್ನೊಂದು ಕಡೆ, ಕ್ರೆಡಿಟ್ ಸ್ಕೋರ್ ಇಲ್ಲ, ಸಂಬಳ ಬಾಡಿಗೆಯ ಮೂರು ಪಟ್ಟು ಇಲ್ಲ ಎಂದು ಎಲ್ಲರಿಗೂ ಒಂದೇ ಅಳತೆಯಲ್ಲಿ ನಿರಾಕರಿಸಿದರೆ ಅದು ಸಾಮಾನ್ಯವಾಗಿ ಕಾನೂನಿನ ಒಳಗೇ ಇದೆ. ಹೊಸದಾಗಿ ಬಂದವರಿಗೆ ಇದು ಕಷ್ಟ ನಿಜ. ಆದರೆ ಕಷ್ಟಕ್ಕೂ ತಾರತಮ್ಯಕ್ಕೂ ವ್ಯತ್ಯಾಸ ಇದೆ ಅಲ್ವಾ? ಕ್ರೆಡಿಟ್ ಅಥವಾ ಹಿನ್ನೆಲೆ ವರದಿ ನೋಡಿ ನಿರಾಕರಿಸಿದ್ದರೆ ಯಾವ ಕಂಪನಿಯ ವರದಿ ಎಂದು ಅವರು ನಿಮಗೆ ತಿಳಿಸಲೇಬೇಕು. 60 ದಿನದೊಳಗೆ ಕೇಳಿದರೆ ಆ ವರದಿಯ ಪ್ರತಿ ಉಚಿತ. ನಿಮ್ಮದೇ ಹೆಸರಿನ ಇನ್ಯಾರದೋ ಸಾಲ ಅಥವಾ ಕೇಸು ಅದರಲ್ಲಿ ಸೇರಿರಬಹುದು. ತಪ್ಪಿದ್ದರೆ ಲಿಖಿತವಾಗಿ ತಕರಾರು ಹಾಕಿ.

ನಮ್ಮವರ ಬಗ್ಗೆಯೂ ಒಂದು ಮಾತು. ಕಾನೂನು ನಮ್ಮನ್ನು ಕಾಯುವಂತೆ ನಮ್ಮನ್ನು ಕಟ್ಟಿಹಾಕುತ್ತದೆ ಕೂಡ. ಮನೆ ಬಾಡಿಗೆಗೆ ಕೊಡುವಾಗ 'ಇಂಡಿಯನ್ಸ್‌ಗೆ ಮಾತ್ರ', 'ಹಿಂದೂ ಕುಟುಂಬಕ್ಕೆ ಮಾತ್ರ' ಎಂದು ಜಾಹೀರಾತು ಹಾಕುವುದು ಕಾನೂನುಬಾಹಿರ. ಮಾಲೀಕರೇ ವಾಸವಿರುವ, ನಾಲ್ಕಕ್ಕಿಂತ ಹೆಚ್ಚು ಮನೆಗಳಿಲ್ಲದ ಕಟ್ಟಡಕ್ಕೆ ಫೆಡರಲ್ ಕಾನೂನಿನಲ್ಲಿ ಒಂದಷ್ಟು ವಿನಾಯಿತಿ ಇದೆ, ಆದರೆ ಜಾಹೀರಾತಿನ ನಿಷೇಧಕ್ಕೆ ಆ ವಿನಾಯಿತಿ ಇಲ್ಲ. ಒಂದೇ ಮನೆಯಲ್ಲಿ ಅಡುಗೆಕೋಣೆ ಹಂಚಿಕೊಳ್ಳುವ ರೂಮ್‌ಮೇಟ್ ವಿಷಯ ಬೇರೆ. ಆ ಆಯ್ಕೆಗೆ ಈ ಕಾನೂನು ಅನ್ವಯಿಸುವುದಿಲ್ಲ ಎಂದು ಪಶ್ಚಿಮದ ರಾಜ್ಯಗಳ ಒಂಬತ್ತನೇ ಸರ್ಕಿಟ್ ನ್ಯಾಯಾಲಯ 2012ರಲ್ಲಿ ಹೇಳಿದೆ. 'ನೀವು ಯಾವ ಜನ?' ಎಂದು ವಿಚಾರಿಸಿ ಮನೆ ಕೊಡುವ ಚಾಳಿಯನ್ನು ಸಾಗರ ದಾಟಿಸಿಕೊಂಡು ಬಂದವರೂ ಇದ್ದಾರೆ. ಸಿಯಾಟಲ್ ನಗರ 2023ರಲ್ಲಿ ಜಾತಿಯನ್ನು ತನ್ನ ತಾರತಮ್ಯ ವಿರೋಧಿ ಕಾನೂನಿಗೆ ಸೇರಿಸಿದೆ, ವಸತಿಯೂ ಅದರ ವ್ಯಾಪ್ತಿಗೆ ಬರುತ್ತದೆ.

ದೂರು ಎಲ್ಲಿ ಕೊಡಬೇಕು? ನನ್ನ ಸಲಹೆ, ಮೊದಲು ನಿಮ್ಮ ಭಾಗದ ಫೇರ್ ಹೌಸಿಂಗ್ ಸಂಸ್ಥೆ ಹುಡುಕಿ. ಇವು ಸರ್ಕಾರಿ ಕಚೇರಿಗಳಲ್ಲ, ಲಾಭಕ್ಕಾಗಿ ನಡೆಯುವವೂ ಅಲ್ಲ. ಇವರ ಕೈಯಲ್ಲಿರುವ ದೊಡ್ಡ ಅಸ್ತ್ರ 'ಟೆಸ್ಟಿಂಗ್'. ಬೇರೆ ಬೇರೆ ಹಿನ್ನೆಲೆಯ, ಆದರೆ ಒಂದೇ ಮಟ್ಟದ ಆದಾಯ ಹೇಳಿಕೊಳ್ಳುವ ಇಬ್ಬರನ್ನು ಅದೇ ಮನೆ ಕೇಳಲು ಕಳಿಸುತ್ತಾರೆ. ಇಬ್ಬರಿಗೂ ಸಿಕ್ಕ ಉತ್ತರ ಹೋಲಿಸುತ್ತಾರೆ. ಹೀಗೆ ಹೋದ ಟೆಸ್ಟರ್‌ಗೆ ಸುಳ್ಳು ಹೇಳಿ ಕಳಿಸಿದರೆ ಅವರೂ ಕೇಸು ಹಾಕಬಹುದು ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಒಪ್ಪಿದೆ. ಟೆಸ್ಟಿಂಗ್ ಆಗಬೇಕಾದರೆ ಆ ಮನೆ ಇನ್ನೂ ಖಾಲಿ ಇರಬೇಕು. ಹಾಗಾಗಿ ಅನುಮಾನ ಬಂದ ದಿನವೇ ಫೋನ್ ಮಾಡಿ, ಒಂದು ತಿಂಗಳು ಕೊರಗಿದ ಮೇಲೆ ಮಾಡಿದರೆ ಆ ಪುರಾವೆ ಕೈತಪ್ಪಿರುತ್ತದೆ.

ಸರ್ಕಾರಿ ದೂರಿಗೆ ಎರಡು ದಾರಿ. ಒಂದು ಹಡ್, 800-669-9777. ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬೇಕು. ಇನ್ನೊಂದು ರಾಜ್ಯದ ಸಂಸ್ಥೆ: ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್, ನ್ಯೂಯಾರ್ಕ್‌ನಲ್ಲಿ ಡಿವಿಷನ್ ಆಫ್ ಹ್ಯೂಮನ್ ರೈಟ್ಸ್, ಟೆಕ್ಸಸ್‌ನಲ್ಲಿ ವರ್ಕ್‌ಫೋರ್ಸ್ ಕಮಿಷನ್ನಿನ ಸಿವಿಲ್ ರೈಟ್ಸ್ ವಿಭಾಗ. ರಾಜ್ಯದ ಗಡುವು ಕಡಿಮೆ ಇರಬಹುದು. ನ್ಯೂಜೆರ್ಸಿಯ ಡಿವಿಷನ್ ಆನ್ ಸಿವಿಲ್ ರೈಟ್ಸ್‌ಗೆ 180 ದಿನದೊಳಗೆ ಕೊಡಬೇಕು. ದೂರಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ನೇರ ಫೆಡರಲ್ ಕೋರ್ಟಿಗೆ ಹೋಗುವುದಾದರೆ ಎರಡು ವರ್ಷ ಸಮಯವಿದೆ. ಹಡ್ 100 ದಿನದಲ್ಲಿ ತನಿಖೆ ಮುಗಿಸಬೇಕು ಎಂದು ಕಾನೂನು ಹೇಳುತ್ತದೆ, ಎಷ್ಟೋ ಸಲ ಜಾಸ್ತಿ ಹಿಡಿಯುತ್ತದೆ. ಕನ್ನಡ ದುಭಾಷಿ ಸಿಗುತ್ತಾರೆ ಎಂದು ನಂಬಿ ಕೂರದೆ, ಇಂಗ್ಲಿಷ್ ಬರುವ ಒಬ್ಬರನ್ನು ಜೊತೆಗಿಟ್ಟುಕೊಳ್ಳಿ.

ದೂರು ಕೊಟ್ಟಿದ್ದಕ್ಕೆ ಮಾಲೀಕರು ಬಾಡಿಗೆ ಏರಿಸಿದರೆ, ಬೆದರಿಸಿದರೆ ಅದೇ ಇನ್ನೊಂದು ತಪ್ಪು. ಅದನ್ನೂ ದೂರಿಗೆ ಸೇರಿಸಿ.

ಆರನೇ ಹೆಜ್ಜೆ: ಎವಿಕ್ಷನ್, ಡಿಪಾಸಿಟ್, ಮುರಿದ ಲೀಸ್

ಮಾಲೀಕರ ನೋಟಿಸ್ ಬೇರೆ, ಕೋರ್ಟಿನ ಕಾಗದ ಬೇರೆ. ನೋಟಿಸ್ ಬಂದ ಮಾತ್ರಕ್ಕೆ ರಾತ್ರೋರಾತ್ರಿ ಮನೆ ಖಾಲಿ ಮಾಡಬೇಕಿಲ್ಲ. ಬೀಗ ಬದಲಾಯಿಸುವುದು, ಕರೆಂಟ್ ತೆಗೆಸುವುದು, ಸಾಮಾನು ಹೊರಗೆಸೆಯುವುದು ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಕಾನೂನುಬಾಹಿರ. ಹೊರಹಾಕಲು ಕೋರ್ಟಿನ ಆದೇಶ ಬೇಕು.

ಕೋರ್ಟಿನ ಕಾಗದಕ್ಕೆ ಮಾತ್ರ ಉತ್ತರ ಕೊಡದೆ ಇರಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಉತ್ತರಕ್ಕೆ 10 ಕೋರ್ಟ್ ದಿನ (ರಜೆ ಬಿಟ್ಟು ಕೋರ್ಟ್ ನಡೆಯುವ ದಿನ), ಅದಕ್ಕೂ ಮುಂಚೆ ಬರೀ 5 ಇತ್ತು. ಉತ್ತರ ಕೊಡದಿದ್ದರೆ, ಹಾಜರಾಗದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಆಗಬಹುದು. ನೀವು ಸರಿ ಇದ್ದೀರಾ ಇಲ್ಲವಾ ಎನ್ನುವುದು ಆಗ ಲೆಕ್ಕಕ್ಕೇ ಬರುವುದಿಲ್ಲ.

ಉಚಿತ ವಕೀಲರಿಗಾಗಿ ಕೌಂಟಿಯ ಲೀಗಲ್ ಏಡ್ ಸಂಸ್ಥೆಗೆ ಕರೆ ಮಾಡಿ. 1974ರಲ್ಲಿ ಹುಟ್ಟಿದ ಲೀಗಲ್ ಸರ್ವೀಸಸ್ ಕಾರ್ಪೊರೇಷನ್ನಿನ ಹಣ ಪಡೆಯುವ ಸಂಸ್ಥೆಗಳು ಸಾಮಾನ್ಯವಾಗಿ ಬಡತನ ರೇಖೆಯ ಶೇ 125ರೊಳಗಿನ ಆದಾಯದವರನ್ನು ತೆಗೆದುಕೊಳ್ಳುತ್ತವೆ. ವಲಸೆಯ ನಿರ್ಬಂಧವೂ ಅವರಿಗೆ ಇದೆ, ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದವರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವಂತಿಲ್ಲ. ಅಲ್ಲಿ 'ಆಗುವುದಿಲ್ಲ' ಅಂದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಆ ಹಣ ಪಡೆಯದ ಸಂಸ್ಥೆಗಳಿಗೆ ಆ ನಿರ್ಬಂಧ ಇಲ್ಲ. ಯೂನಿವರ್ಸಿಟಿಗಳ ಲಾ ಕ್ಲಿನಿಕ್, ಬಾಡಿಗೆದಾರರ ಸಂಘ, ಕೋರ್ಟಿನೊಳಗಿನ ಸೆಲ್ಫ್ ಹೆಲ್ಪ್ ಕೇಂದ್ರ ಕೇಳಿ. ವಿದ್ಯಾರ್ಥಿಗಳಾದರೆ ನಿಮ್ಮ ಕ್ಯಾಂಪಸ್ಸಿನಲ್ಲೇ ಕಾನೂನು ಸೇವೆ ಇರಬಹುದು. ನ್ಯೂಯಾರ್ಕ್ ನಗರ 2017ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ 2018ರಲ್ಲಿ ಎವಿಕ್ಷನ್ ಕೇಸಿನಲ್ಲಿ ಬಾಡಿಗೆದಾರರಿಗೆ ವಕೀಲರ ಹಕ್ಕು ಕೊಟ್ಟವು. ನಿಮ್ಮ ನಗರದಲ್ಲೂ ಹಾಗಿದೆಯಾ ಎಂದು ಕೋರ್ಟಿನ ಗುಮಾಸ್ತರನ್ನು ಕೇಳಿ.

ರಿಪೇರಿ ಮಾಡಿಸಲಿಲ್ಲ ಎಂಬ ಸಿಟ್ಟಿಗೆ ಬಾಡಿಗೆ ನಿಲ್ಲಿಸಬೇಡಿ. ಕೆಲವು ರಾಜ್ಯಗಳಲ್ಲಿ ಅದಕ್ಕೆ ಅವಕಾಶ ಇದೆ, ಆದರೆ ಕ್ರಮ ತಪ್ಪಿದರೆ ಬಾಕಿ ಉಳಿಸಿಕೊಂಡವರು ನೀವಾಗುತ್ತೀರಿ. ಮೊದಲು ಲಿಖಿತವಾಗಿ ಕೇಳಿ, ಆಮೇಲೆ ನಗರದ ಕೋಡ್ ಎನ್‌ಫೋರ್ಸ್‌ಮೆಂಟ್ ವಿಭಾಗಕ್ಕೆ ಹೇಳಿ ತಪಾಸಣೆ ಮಾಡಿಸಿ.

ಕೆಲಸ ಹೋಗಿ, ಎಚ್-1ಬಿಯವರಿಗೆ ದೇಶದಲ್ಲಿ ಉಳಿಯಲು ಸಿಗುವ ಹೆಚ್ಚೆಂದರೆ 60 ದಿನದ ಅವಧಿ ಓಡುತ್ತಿರುವಾಗ ಲೀಸ್‌ನ ಚಿಂತೆ ಬೇರೆ. ಉಳಿದ ಅಷ್ಟೂ ತಿಂಗಳ ಬಾಡಿಗೆ ಕೊಡಲೇಬೇಕು ಎಂದು ಹೆದರುವವರು ಜಾಸ್ತಿ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಯಾರ್ಕ್ ಸೇರಿ ಹೆಚ್ಚಿನ ರಾಜ್ಯಗಳಲ್ಲಿ ಮಾಲೀಕರು ಸುಮ್ನೆ ಕೂರುವಂತಿಲ್ಲ, ಬೇರೆ ಬಾಡಿಗೆದಾರರನ್ನು ಹುಡುಕಲು ಸರಿಯಾದ ಪ್ರಯತ್ನ ಮಾಡಬೇಕು. ಮನೆ ಮತ್ತೆ ಬಾಡಿಗೆಗೆ ಹೋದ ಮೇಲಿನ ತಿಂಗಳುಗಳ ಬಾಡಿಗೆ ನಿಮ್ಮ ತಲೆಗೆ ಬರುವುದಿಲ್ಲ, ಹೊಸ ಬಾಡಿಗೆ ಕಮ್ಮಿಯಾದರೆ ಅಷ್ಟು ವ್ಯತ್ಯಾಸ ಕೇಳಬಹುದು. ಬೇಗ ತಿಳಿಸಿ, ಲೀಸ್‌ನಲ್ಲಿ ಮುರಿಯುವ ಶುಲ್ಕದ ಷರತ್ತು ಓದಿ, ಸಾಧ್ಯವಾದರೆ ಹೊಸ ಬಾಡಿಗೆದಾರರನ್ನು ನೀವೇ ಹುಡುಕಿ ಕೊಡಿ. ಒಪ್ಪಂದ ಆದದ್ದು ಬರಹದಲ್ಲಿರಲಿ.

ಡಿಪಾಸಿಟ್ ವಾಪಸ್ ಮಾಡುವ ಗಡುವು ನ್ಯೂಯಾರ್ಕ್‌ನಲ್ಲಿ 14 ದಿನ, ಕ್ಯಾಲಿಫೋರ್ನಿಯಾದಲ್ಲಿ 21, ಟೆಕ್ಸಸ್ ಮತ್ತು ನ್ಯೂಜೆರ್ಸಿಯಲ್ಲಿ 30. ಮನೆ ಬಿಡುವಾಗ ಹೊಸ ವಿಳಾಸ ಬರೆದು ಕೊಡಿ, ಪ್ರತಿ ಕೋಣೆಯ ವಿಡಿಯೊ ತೆಗೆಯಿರಿ. ಡಿಪಾಸಿಟ್ ಕೊಡದಿದ್ದರೆ ಸಣ್ಣ ಮೊತ್ತದ ವ್ಯಾಜ್ಯಗಳ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ, ವಕೀಲರಿಲ್ಲದೆಯೇ ಹೋಗಬಹುದು.

ಮನೆಯೊಳಗೇ ಭಯ ಇದ್ದರೆ

ಗಂಡ ಅಥವಾ ಮನೆಯವರ ಹಿಂಸೆಯಿಂದ ಹೊರಬರಬೇಕಾದ ಹೆಣ್ಣುಮಕ್ಕಳಿಗೆ ವೀಸಾ, ಭಾಷೆ, ದುಡ್ಡು ಮೂರೂ ಅಡ್ಡ ಬರುತ್ತವೆ. ಇದು ಗೊತ್ತಿರುವ ದಕ್ಷಿಣ ಏಷ್ಯಾದವರದೇ ಸಂಸ್ಥೆಗಳಿವೆ: ನ್ಯೂಜೆರ್ಸಿಯಲ್ಲಿ ಮಾನವಿ, ನ್ಯೂಯಾರ್ಕ್‌ನಲ್ಲಿ ಸಖಿ, ಶಿಕಾಗೋದಲ್ಲಿ ಅಪ್ನಾ ಘರ್, ಬೇ ಏರಿಯಾದಲ್ಲಿ ಮೈತ್ರಿ, ಹ್ಯೂಸ್ಟನ್‌ನಲ್ಲಿ ದಯಾ. ಮೇಲೆ ಹೇಳಿದ ಲೀಗಲ್ ಏಡ್‌ನ ವಲಸೆ ನಿರ್ಬಂಧಕ್ಕೂ ಇಂಥ ಸಂದರ್ಭದಲ್ಲಿ ವಿನಾಯಿತಿ ಇದೆ. ಫೋನ್ ಮಾಡುವಾಗ ನಿಮ್ಮ ಫೋನ್ ಬಿಲ್ ಯಾರು ನೋಡುತ್ತಾರೆ ಎಂದು ಯೋಚಿಸಿ ಮಾಡಿ.

ಮೋಸದ ಗುರುತು, ನಿರಾಕರಣೆಯ ಪತ್ರ

ಹೌಸಿಂಗ್ ಅಥಾರಿಟಿ ವೋಚರ್ ಅರ್ಜಿಗೆ ದುಡ್ಡು ಕೇಳುವುದಿಲ್ಲ. 'ಫೀ ಕಟ್ಟಿದರೆ ಪಟ್ಟಿಯಲ್ಲಿ ಮುಂದೆ ಹಾಕಿಸುತ್ತೇವೆ' ಎನ್ನುವವರು ಮೋಸಗಾರರು. ಮನೆ ತೋರಿಸದೆ, 'ನಾನು ಊರಲ್ಲಿಲ್ಲ, ಕೀ ಕೊರಿಯರ್ ಮಾಡುತ್ತೇನೆ, ಝೆಲ್‌ನಲ್ಲಿ ಡಿಪಾಸಿಟ್ ಕಳಿಸಿ' ಎನ್ನುವವರೂ ಅಷ್ಟೇ. ಹೊಸದಾಗಿ ಬರುವ ವಿದ್ಯಾರ್ಥಿಗಳು ವಿಮಾನ ಹತ್ತುವ ಮುಂಚೆಯೇ ಇದಕ್ಕೆ ಬಲಿಯಾಗುತ್ತಾರೆ. ಕೌಂಟಿಯ ಆಸ್ತಿ ದಾಖಲೆಯಲ್ಲಿ ಮಾಲೀಕರ ಹೆಸರು ನೋಡಿ, ಗುರುತಿನವರೊಬ್ಬರನ್ನು ಮನೆ ನೋಡಲು ಕಳಿಸಿ, ಆಮೇಲೆ ದುಡ್ಡಿನ ಮಾತು.

ವೋಚರ್ ಅಥವಾ ಸರ್ಕಾರಿ ವಸತಿಯ ಅರ್ಜಿ ತಿರಸ್ಕಾರವಾದರೆ ಕಾರಣ ಬರೆದ ಪತ್ರ ಬರಬೇಕು. ಬರದಿದ್ದರೆ ಕೇಳಿ ಪಡೆಯಿರಿ. ಆ ನಿರ್ಧಾರವನ್ನು ಮತ್ತೆ ಪರಿಶೀಲಿಸಿ ಎಂದು ಕೇಳುವ ಹಕ್ಕು ನಿಮಗಿದೆ, ಎಷ್ಟು ದಿನದೊಳಗೆ ಕೇಳಬೇಕು ಎಂದು ಪತ್ರದಲ್ಲೇ ಇರುತ್ತದೆ. ಆದಾಯದ ಲೆಕ್ಕ ತಪ್ಪಿರಬಹುದು, ಕುಟುಂಬದ ತಲೆ ಲೆಕ್ಕ ತಪ್ಪಿರಬಹುದು, ಯಾವುದೋ ಒಂದು ಕಾಗದ ಅವರಿಗೆ ತಲುಪದೆ ಇರಬಹುದು. ನಿಮ್ಮ ಫೈಲಿನ ಪ್ರತಿ ಕೇಳಿ, ಕಾಣೆಯಾದ ಕಾಗದ ಸೇರಿಸಿ, ಮರುಪರಿಶೀಲನೆ ಕೇಳುವ ಪತ್ರವನ್ನು ಕಚೇರಿಗೇ ಹೋಗಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.